ತಿದ್ದಿದ ಸಾಲುಗಳನ್ನು ಮರಳಿ ಪಡೆಯುವ ಕ್ರಮ: ಶಾಸನಸೂಚಿಯ ಒಂದು ನಿದರ್ಶನ

ಶಾಸನಗಳ ಕಾಲಸೂಚಿಯನ್ನು ಗಣಕಯಂತ್ರದ ಡೇಟಾಬೇಸಿನಲ್ಲಿ ಸಿದ್ಧಪಡಿಸುವ ಕಾರ್ಯವು ಇತಿಹಾಸ ವಿಭಾಗಗಳಿಗೆ ಇಂದು ಹೊಸದಲ್ಲ. 1886ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಪ್ರಕಟಣೆಯನ್ನು ಆರಂಭಿಸಿದಂದಿನಿಂದ ಅಚ್ಚಿನ ಸಂಪುಟಗಳಲ್ಲಿ ಸಂಗ್ರಹವಾಗುತ್ತ ಬಂದ ಸಾಮಗ್ರಿಯು ಈಗ ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕದ ರೂಪವನ್ನು ತಾಳುತ್ತಿದೆ. ಅಚ್ಚಿನ ಗ್ರಂಥದಲ್ಲಿ ದೋಷ ಕಂಡುಬಂದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯನ್ನು ಸೇರಿಸುತ್ತೇವೆ. ಎರಡು ಪಾಠಗಳೂ ಓದುಗನ ಕಣ್ಣೆದುರಿಗಿರುತ್ತವೆ. ಡೇಟಾಬೇಸಿನಲ್ಲಾದರೋ ಒಂದೇ ಆಜ್ಞೆಯಿಂದ ಅನೇಕ ಸಾಲುಗಳು ಒಮ್ಮೆಗೇ ಬದಲಾಗಿ, ಹಳೆಯ ಅಂಕಿಯು ಅಳಿದುಹೋಗುತ್ತದೆ. ಹೀಗೆ ತಿದ್ದಲ್ಪಟ್ಟ ಸಾಲುಗಳು ಯಾವುವೆಂಬುದನ್ನು ನಾವು ಬರೆದ ಪ್ರೋಗ್ರಾಂ ನಿಶ್ಚಿತವಾಗಿ ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗತ ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುವುದು ರೂಢಿ. ಆದರೆ ಶಕವರ್ಷವು ಚೈತ್ರದಲ್ಲಿ ಆರಂಭವಾಗುವುದರಿಂದ ಕ್ರಿಸ್ತವರ್ಷವು ಅದರ ನಡುವೆಯೇ ಬದಲಾಗುತ್ತದೆ. ಐಹೊಳೆಯ ಮೇಗುತಿ ಶಾಸನದ ಶಕ 556ಕ್ಕೆ ಕ್ರಿ.ಶ. 634-35 ಎಂದು ಎರಡು ವರ್ಷಗಳನ್ನು ಬರೆಯುವ ವಾಡಿಕೆಗೆ ಇದೇ ಕಾರಣ. ಮಾಸವು ಉಕ್ತವಾಗಿರುವಲ್ಲಿ ಇನ್ನೂ ಖಚಿತವಾಗಿ ಹೇಳಬಹುದು: ಪುಷ್ಯ, ಮಾಘಗಳ ತಿಥಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು, ಫಾಲ್ಗುಣಕ್ಕೆ ಮಾತ್ರ 79ನ್ನೇ ಕೂಡಿಸಬೇಕೆಂಬುದರಲ್ಲಿ ಸಂದೇಹವಿಲ್ಲ.

ವಿದ್ಯಾರ್ಥಿಗಳೊಡನೆ ನಾನು ಸಿದ್ಧಪಡಿಸುತ್ತಿದ್ದ ಸೂಚಿಯಲ್ಲಿ ಬಹುತೇಕ ಸಾಲುಗಳಿಗೆ 78ನ್ನೇ ಕೂಡಿಸಲಾಗಿತ್ತು. ‘ಮಾಸವು ಫಾಲ್ಗುಣವಾಗಿದ್ದು, ಕ್ರಿಸ್ತವರ್ಷವು ಶಕಕ್ಕೆ 78ನ್ನು ಕೂಡಿಸಿದಷ್ಟೇ ಇರುವ ಸಾಲುಗಳಲ್ಲಿ 79ನ್ನು ಕೂಡಿಸಿ ಬರೆ’ ಎಂದು ಅಪ್‌ಡೇಟ್ ಆಜ್ಞೆಯನ್ನು ಕೊಟ್ಟೆವು. ಎಷ್ಟು ಸಾಲುಗಳು ಬದಲಾದುವೆಂಬ ಸಂಖ್ಯೆಯೊಂದೇ ಉತ್ತರವಾಗಿ ಬಂದಿತು. ಸಾಲುಗಳನ್ನು ನೋಡಲು ಅದೇ ನಿಬಂಧನೆಯಿಂದ ಮತ್ತೆ ವಿಚಾರಿಸಿದಾಗ ಒಂದೂ ದೊರೆಯಲಿಲ್ಲ. ಇದು ಸಹಜವೇ, ತಿದ್ದುಪಡಿಯಾದ ಮೇಲೆ ಆ ನಿಬಂಧನೆಗೆ ಒಳಪಡುವ ಸಾಲು ಉಳಿದಿರುವುದಾದರೂ ಹೇಗೆ? ಅನಂತರ ‘ಫಾಲ್ಗುಣವಾಗಿದ್ದು 79 ಕೂಡಿರುವ ಸಾಲುಗಳು’ ಎಂದು ಕೇಳಿ, ಬಂದುದನ್ನು ತಿದ್ದುಪಡಿಗಳ ಪಟ್ಟಿಯೆಂದು ಸಹೋದ್ಯೋಗಿಗಳಿಗೆ ಹಂಚಿದೆವು. ಎಚ್ಚರಿಕೆಯುಳ್ಳ ವಿದ್ಯಾರ್ಥಿಯೊಬ್ಬನು ಮೊದಲೇ ಸರಿಯಾಗಿ ಬರೆದಿದ್ದ ಸಾಲುಗಳೂ ಅದರಲ್ಲಿ ಸೇರಿಕೊಂಡಿದ್ದುವು. ಅವನ್ನೂ ಹೊಸದಾಗಿ ತಿದ್ದಿದುವೆಂದು ನಂಬಿದ ಅಧ್ಯಾಪಕರೊಬ್ಬರು, ತಮ್ಮ ಟಿಪ್ಪಣಿಯಲ್ಲಿ ಸರಿಯಾಗಿಯೇ ಇದ್ದ ವರ್ಷಗಳಿಗೆ ಒಂದೊಂದನ್ನು ಕೂಡಿಸಿಕೊಂಡರು. ಹೀಗೆ ಒಂದು ದೋಷದ ಪರಿಹಾರವು ಮತ್ತೊಂದು ದೋಷಕ್ಕೆ ಜನ್ಮವಿತ್ತಿತು.

ತಿದ್ದುವ ಆಜ್ಞೆ ಮತ್ತು ವಿಚಾರಿಸುವ ಆಜ್ಞೆ ಬೇರೆಬೇರೆಯಾಗಿದ್ದುದೇ ಇಲ್ಲಿನ ತೊಡಕಿನ ಮೂಲ. ಅನೇಕರು ಒಂದೇ ಸೂಚಿಯಲ್ಲಿ ಕೆಲಸಮಾಡುತ್ತಿರುವಲ್ಲಿ, ಈ ಎರಡರ ನಡುವಣ ಕ್ಷಣದಲ್ಲಿ ಇನ್ನೊಬ್ಬರು ಸೇರಿಸಿದ ಸಾಲುಗಳೂ ಉತ್ತರದಲ್ಲಿ ಬೆರೆಯಬಹುದು. 1970ರಲ್ಲಿ ಇ. ಎಫ್. ಕಾಡ್ ಅವರು ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಕೋಷ್ಟಕವೆಂದರೆ ಸಾಲುಗಳ ಒಂದು ಗಣ. ಆಜ್ಞೆಯು ಒಂದು ಗಣವನ್ನು ತಿದ್ದುವುದಾದರೆ ಆ ಗಣವನ್ನೇ ಉತ್ತರವಾಗಿ ಕೊಡುವುದು ಯುಕ್ತವಷ್ಟೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2006ರ 8.2ನೆಯ ಆವೃತ್ತಿಯಲ್ಲಿಯೂ, ಎಸ್‌ಕ್ಯೂಲೈಟ್ 2021ರ 3.35ನೆಯ ಆವೃತ್ತಿಯಲ್ಲಿಯೂ ಇದಕ್ಕಾಗಿ ‘ರಿಟರ್ನಿಂಗ್’ ಎಂಬ ಉಪವಾಕ್ಯವನ್ನು ಅಳವಡಿಸಿಕೊಂಡುವು. ಅಪ್‌ಡೇಟ್ ಆಜ್ಞೆಯ ಕೊನೆಯಲ್ಲಿ ಇದನ್ನು ಬರೆದು, ಅದರ ಮುಂದೆ ಕ್ರಮಾಂಕ, ಶಕ, ಕ್ರಿಸ್ತವರ್ಷ ಮುಂತಾದ ಅಂಕಣಗಳನ್ನು ಹೆಸರಿಸಿದರೆ, ಆ ಆಜ್ಞೆಯು ತಿದ್ದಿದ ಸಾಲುಗಳು ಮಾತ್ರವೇ ಮರಳಿ ಬರುತ್ತವೆ.

ಪ್ರೋಗ್ರಾಮಿನಲ್ಲಿ ಇದನ್ನು ಬಳಸುವಾಗ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇಂತಹ ಅಪ್‌ಡೇಟನ್ನು ಪ್ರಶ್ನೆಯೆಂದೇ ಭಾವಿಸಬೇಕು. ಜಾವಾದಲ್ಲಿ ‘ಎಕ್ಸಿಕ್ಯೂಟ್‌ಅಪ್‌ಡೇಟ್’ ಎಂಬುದು ಕೊಡುವುದು ಸಂಖ್ಯೆಯನ್ನು. ಸಾಲುಗಳು ಬೇಕಾದರೆ ‘ಎಕ್ಸಿಕ್ಯೂಟ್‌ಕ್ವೆರಿ’ಯನ್ನು ಬಳಸಬೇಕು. ಎರಡನೆಯದಾಗಿ, ಬಂದ ಸಾಲುಗಳನ್ನೆಲ್ಲ ಓದಿಕೊಳ್ಳಬೇಕು. ಪೈಥಾನಿನಲ್ಲಿ ‘ಫೆಚ್‌ಒನ್’ ಎಂದರೆ ಒಂದೇ ಸಾಲು ಕೈಗೆ ಬರುತ್ತದೆ. ಇಲ್ಲಿ ಬೇಕಾದುದು ‘ಫೆಚ್‌ಆಲ್’. ಮೂರನೆಯದಾಗಿ, ಸಾಲುಗಳು ಬರುವ ಅನುಕ್ರಮದಲ್ಲಿ ಯಾವ ಭರವಸೆಯೂ ಇಲ್ಲ. ಆದುದರಿಂದ ಸ್ಥಾನವನ್ನು ನಂಬದೆ, ಶಾಸನದ ಕ್ರಮಾಂಕದಿಂದಲೇ ಹೊಂದಿಸಿಕೊಳ್ಳಬೇಕು.

ಈ ಸೌಲಭ್ಯವಿಲ್ಲದ ಮೈಎಸ್‌ಕ್ಯೂಎಲ್‌ನಂತಹ ವ್ಯವಸ್ಥೆಗಳಲ್ಲಿ ಟ್ರಾನ್ಸಾಕ್ಷನ್ ಒಂದನ್ನು ಆರಂಭಿಸಿ, ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಎಂಬುದರಿಂದ ಸಾಲುಗಳಿಗೆ ಬೀಗ ಹಾಕಿ, ಅವುಗಳ ಕ್ರಮಾಂಕಗಳನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಆ ಕ್ರಮಾಂಕಗಳನ್ನೇ ಹಿಡಿದು ತಿದ್ದಿ, ಅವನ್ನೇ ಹಿಡಿದು ಮರಳಿ ಓದಿ, ಟ್ರಾನ್ಸಾಕ್ಷನ್ನನ್ನು ಮುಗಿಸಬೇಕು. ಶ್ರಮ ಹೆಚ್ಚಾದರೂ ಫಲ ಒಂದೇ.

ಇತಿಹಾಸದ ಅಭ್ಯಾಸಿಗೆ ಇಷ್ಟರಿಂದಲೇ ತೃಪ್ತಿಯಾಗದು. ಹೊಸ ವರ್ಷದಷ್ಟೇ ಹಳೆಯ ವರ್ಷವೂ ಅವನಿಗೆ ಬೇಕು. ಏಕೆಂದರೆ ಹಿಂದಿನ ಸೂಚಿಯನ್ನು ನೋಡಿ ಬರೆದ ಪ್ರಬಂಧಗಳಲ್ಲಿ ಉಳಿದಿರುವುದು ಹಳೆಯ ವರ್ಷವೇ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2005ರ ಆವೃತ್ತಿಯಿಂದಲೇ ‘ಔಟ್‌ಪುಟ್’ ಎಂಬ ಉಪವಾಕ್ಯದ ಮೂಲಕ ಹಳೆಯ ಮತ್ತು ಹೊಸ ಬೆಲೆಗಳೆರಡನ್ನೂ ಕೊಡುತ್ತ ಬಂದಿದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2025ರ 18ನೆಯ ಆವೃತ್ತಿಯಲ್ಲಿ, ರಿಟರ್ನಿಂಗ್ ಉಪವಾಕ್ಯದಲ್ಲಿಯೇ ‘ಓಲ್ಡ್’ ಮತ್ತು ‘ನ್ಯೂ’ ಎಂಬ ಹೆಸರುಗಳಿಂದ ಎರಡನ್ನೂ ಪಡೆಯಲು ಅವಕಾಶವನ್ನು ಕಲ್ಪಿಸಿತು. ಹೀಗೆ ಬಂದ ಸಾಲುಗಳನ್ನು ದಿನಾಂಕದೊಡನೆ ಪ್ರತ್ಯೇಕ ಕೋಷ್ಟಕದಲ್ಲಿ ದಾಖಲಿಸಿದರೆ ತಪ್ಪು-ಒಪ್ಪುಗಳ ಪಟ್ಟಿಯು ತಾನಾಗಿಯೇ ಸಿದ್ಧವಾಗುತ್ತದೆ.

ಪ್ರಾಚೀನ ಗ್ರಂಥಗಳ ಸಂಪಾದಕರು ತಾವು ಒಪ್ಪದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ. ಆ ಶಿಸ್ತು ನಮ್ಮ ಕೋಷ್ಟಕಗಳಿಗೂ ಸಲ್ಲಬೇಕಾದುದು. ಏನನ್ನು ತಿದ್ದಲಾಯಿತೆಂಬುದನ್ನು ಆ ತಿದ್ದುಪಡಿಯ ಬಾಯಿಂದಲೇ ಕೇಳಿ ದಾಖಲಿಸಿದಾಗ ಮಾತ್ರ ತಿದ್ದುವ ಕಾರ್ಯವು ಮುಗಿಯಿತೆನ್ನಬಹುದು.