ಶೆಡ್ಡಿನಿಂದ ಎದ್ದ ಕಾರಿಗೆ ಇಂದಿನ ಪೆಟ್ರೋಲ್

ಹಳೇಕೋಟೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಳೆಯ ಮನೆಗಳ ಹಿತ್ತಿಲಲ್ಲಿ ನಿಂತುಹೋದ ಕಾರು ಅಪರೂಪವೇನಲ್ಲ. ಕೊಬ್ಬರಿ ಅಟ್ಟದ ಕೆಳಗೆ, ಹುಲ್ಲಿನ ಬಣವೆಗೆ ಒತ್ತಿಕೊಂಡ ಶೆಡ್ಡಿನಲ್ಲಿ, ಉರಿ ಹಾಕುವುದನ್ನು ಬಿಟ್ಟ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಟಾರ್ಪಾಲು ಹೊದ್ದ ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ಇರುತ್ತದೆ. ಯಜಮಾನರು ತೀರಿಕೊಂಡ ಮೇಲೆ ಅಥವಾ ಮನೆಗೆ ಹೊಸ ಕಾರು ಬಂದ ಮೇಲೆ ಅದನ್ನು ಯಾರೂ ಹೊರಗೆ ತೆಗೆದಿರುವುದಿಲ್ಲ. ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೋ ಮೊಮ್ಮಗಳಿಗೋ ಅದನ್ನು ಓಡಿಸುವ ಆಸೆ. ಹಬ್ಬಕ್ಕೆ ಊರಿಗೆ ಬಂದಾಗ ಹೊಸ ಬ್ಯಾಟರಿ ಕೂರಿಸಿ, ಪ್ಲಗ್ಗು ಒರೆಸಿ, ಬಂಕಿನಿಂದ ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲ್ ತಂದು ಸುರಿಯುತ್ತಾರೆ. ನಾಲ್ಕಾರು ಸಲ ಸೆಲ್ಫ್ ಹೊಡೆದ ಮೇಲೆ ಎಂಜಿನ್ ಕೆಮ್ಮಿ ಶುರುವಾಗುತ್ತದೆ. ಮನೆಮಂದಿಗೆಲ್ಲ ಸಂಭ್ರಮ.

ಆ ಸಂಭ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ. ಆತಂಕವಿರುವುದು ಆ ಐದು ಲೀಟರ್ ಪೆಟ್ರೋಲಿನ ಬಗ್ಗೆ. ಕಾರು ನಿಂತ ಕಾಲದ ಪೆಟ್ರೋಲ್ ಬೇರೆ, ಇವತ್ತು ಬಂಕಿನಲ್ಲಿ ಸಿಗುವುದು ಬೇರೆ. ಇದರಿಂದಾಗುವ ಹಾನಿ ಮೊದಲ ದಿನ ತೋರುವುದಿಲ್ಲ. ವಾರ, ತಿಂಗಳು ಕಳೆದು, ಕಾರಿನ ಮೇಲೆ ನಂಬಿಕೆ ಬಂದು, ಮಕ್ಕಳುಮರಿಯನ್ನೆಲ್ಲ ಕೂರಿಸಿಕೊಂಡು ಹೆದ್ದಾರಿ ಹತ್ತಿದ ಹೊತ್ತಿನಲ್ಲಿ ತೋರಬಹುದು.

ಮೊದಲು ಅಂಕಿಗಳನ್ನು ನೋಡೋಣ. ಕಬ್ಬು, ಮೆಕ್ಕೆಜೋಳ, ಅಕ್ಕಿಯಂಥ ಬೆಳೆಗಳನ್ನು ಹುಳಿಸಿ, ಭಟ್ಟಿ ಇಳಿಸಿ, ನೀರಿನಂಶ ತೆಗೆದರೆ ಸಿಗುವ ಆಲ್ಕೋಹಾಲೇ ಎಥನಾಲ್. ನಮ್ಮ ದೇಶದ ಪೆಟ್ರೋಲಿನಲ್ಲಿ ಅದರ ಸರಾಸರಿ ಪಾಲು 2013-14ರಲ್ಲಿ ಶೇ 1.53 ಇತ್ತು. 2020-21ಕ್ಕೆ ಶೇ 8 ದಾಟಿತು. 2022ರ ಜೂನ್‌ನಲ್ಲಿ ಶೇ 10 ಮುಟ್ಟಿತು. ಶೇ 20 ಎಥನಾಲ್ ಇರುವ ಪೆಟ್ರೋಲ್, ಅಂದರೆ ಇ20, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಉತ್ತರಪಾರದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಪದ್ಮಿನಿ ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿತ್ತು. ಹಾಗಾಗಿ ಈ ಜಾತಿಯ ಪೆಟ್ರೋಲ್ ಕಾರುಗಳಲ್ಲಿ ಒಂದೂ ಇಂದಿನ ಇಂಧನವನ್ನು ಲೆಕ್ಕಕ್ಕೆ ಹಿಡಿದು ತಯಾರಾದದ್ದಲ್ಲ. ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಮಾತು ಅನ್ವಯಿಸುವುದಿಲ್ಲ.

ನಾನು ಎಥನಾಲಿನ ವಿರೋಧಿಯಲ್ಲ. ಆಲೂಗೆಡ್ಡೆ ಕೈಕೊಟ್ಟ ಎಷ್ಟೋ ಹೊಲಗಳಲ್ಲಿ ಈಗ ಮೆಕ್ಕೆಜೋಳ ನಿಂತಿರುವ ಜಿಲ್ಲೆ ನಮ್ಮ ಹಾಸನ. ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರ ಸೀಮೆ. ಹೊಂಗೆ ಎಣ್ಣೆಯಿಂದ ಇಂಧನ ತೆಗೆಯುವ ಕೆಲಸಕ್ಕೆಂದೇ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಕಟ್ಟಿದ ಊರು. ಬೆಳೆಯಿಂದ ಇಂಧನ ತೆಗೆಯುವುದರ ಬೆಲೆ ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಚಿನ ಕಾರುಗಳು ಇದನ್ನು ತಡೆದುಕೊಳ್ಳುವಂತೆ ತಯಾರಾಗುತ್ತಿವೆ. ತೊಂದರೆ ಇರುವುದು ಹಳೆಯ ಯಂತ್ರ ಮತ್ತು ಹೊಸ ಇಂಧನ ಯಾವ ಸಿದ್ಧತೆಯೂ ಇಲ್ಲದೆ ಸೇರುವ ಜಾಗದಲ್ಲಿ.

ಅಂಥ ಮೊದಲ ಜಾಗ ರಬ್ಬರು. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಪೆಟ್ರೋಲ್ ಸಾಗುವ ದಾರಿಯ ಬಹುಭಾಗ ಲೋಹದ ಪೈಪು. ಅಲ್ಲಲ್ಲಿ ಕೀಲಿನಂತೆ ರಬ್ಬರ್ ಹೋಸ್, ವಾಷರ್, ಗ್ಯಾಸ್ಕೆಟ್. ರಬ್ಬರನ್ನು ಬಾಗುವಂತೆ ಇಡುವುದಕ್ಕೆ ಅದರೊಳಗೆ ಎಣ್ಣೆಯಂಥ ಮೃದುಕಾರಕಗಳನ್ನು ಬೆರೆಸಿರುತ್ತಾರೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರಿನೊಳಕ್ಕೆ ಇಳಿದು ಅದನ್ನು ಊದಿಸುತ್ತದೆ, ಮೃದುಕಾರಕವನ್ನು ಕರಗಿಸಿ ಹೊರಗೆಳೆಯುತ್ತದೆ. ಕಾರು ನಾಲ್ಕು ದಿನ ಓಡಿ ಎರಡು ತಿಂಗಳು ನಿಂತರೆ ಊದಿದ ರಬ್ಬರ್ ಒಣಗಿ ಮೊದಲಿಗಿಂತ ಸಣ್ಣದಾಗಿ ಕುಗ್ಗುತ್ತದೆ. ಮತ್ತೆ ಓಡಿಸಿದಾಗ ಮತ್ತೆ ಊದುತ್ತದೆ. ಹೀಗೆ ಊದಿ ಕುಗ್ಗಿ ಕೊನೆಗೆ ಕ್ಲಿಪ್ಪಿನ ಅಂಚಿನಲ್ಲೇ ಸೀಳುತ್ತದೆ. ಬೆರಳಲ್ಲಿ ಅಮುಕಿದಾಗ ಸಣ್ಣಗೆ ಚಟಚಟ ಎನ್ನುವ ಹೋಸ್, ಬಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ತೋರುವ ಹೋಸ್, ಇವೆರಡೂ ಆಗಲೇ ಕೆಟ್ಟಿವೆ. ಬಹಳ ಹಳೆಯ ಕಾರುಗಳಲ್ಲಿ ಪೆಟ್ರೋಲಿನ ಮೇಲೆ ತೇಲುವ ಬುರುಡೆ ಬೆಂಡಿನದು, ಅಂದರೆ ಕಾರ್ಕಿನದು; ಅದರ ಮೇಲಿನ ಲೇಪ ಅರಗಿನದು. ಅರಗನ್ನು ಕರಗಿಸಿ ಮರಕ್ಕೆ ಪಾಲಿಶ್ ಮಾಡುವವರು ಬಳಸುವುದೇ ಆಲ್ಕೋಹಾಲನ್ನು. ಅದೇ ಕೆಲಸ ಇಲ್ಲಿ ಟ್ಯಾಂಕಿನೊಳಗೆ ನಡೆಯುತ್ತದೆ.

ಇನ್ನೊಂದು ರಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಬಾಸಿಡರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಕ್ಯಾಮ್‌ಶಾಫ್ಟ್ ತಿರುಗಿದಂತೆ ಒಳಗಿನ ತೆಳುವಾದ ಡಯಾಫ್ರಾಮನ್ನು ಮೇಲೆ ಕೆಳಗೆ ಎಳೆಯುತ್ತದೆ. ಡಯಾಫ್ರಾಮಿನ ಒಂದು ಮಗ್ಗುಲಲ್ಲಿ ಪೆಟ್ರೋಲ್, ಇನ್ನೊಂದು ಮಗ್ಗುಲು ಎಂಜಿನ್ ಆಯಿಲಿನ ಕಡೆಗೆ. ಅದರಲ್ಲಿ ಸಣ್ಣ ತೂತಾದರೂ ಪೆಟ್ರೋಲ್ ಆಯಿಲಿಗೆ ಸೇರಬಲ್ಲದು. ಆಯಿಲ್ ನೀರಾಗಿ ಬೇರಿಂಗುಗಳಿಗೆ ಜಾರಿಕೆ ಸಿಗುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲಿನ ಮಟ್ಟ ಕಡಿಮೆಯಾಗುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ಅಲ್ಲೇ ನಿಲ್ಲಿಸಬೇಕು.

ಎರಡನೆಯ ಜಾಗ ಟ್ಯಾಂಕಿನ ತಳ. ಎಥನಾಲ್ ನೀರಿನೊಡನೆ ಸಲೀಸಾಗಿ ಬೆರೆಯುತ್ತದೆ, ಪೆಟ್ರೋಲ್ ಬೆರೆಯುವುದಿಲ್ಲ. ಶೇ 10 ಎಥನಾಲ್ ಇರುವ ಪೆಟ್ರೋಲ್, ಅಂದರೆ ಇ10, ಸುಮಾರು ಶೇ ಅರ್ಧದಷ್ಟು ನೀರನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲದು, ಇ20 ಇನ್ನಷ್ಟು. ಆ ಮಿತಿ ದಾಟಿದ ಕೂಡಲೇ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲೆ ಪೆಟ್ರೋಲ್, ಕೆಳಗೆ ನೀರು-ಆಲ್ಕೋಹಾಲಿನ ಪದರ. ಇದಕ್ಕೆ ಪದರ ಬೇರ್ಪಡುವಿಕೆ ಎನ್ನುತ್ತಾರೆ.

ಮಳೆಗಾಲದ ತೇವದ ಗಾಳಿಯಿಂದಲೇ ಟ್ಯಾಂಕಿಗೆ ನೀರು ತುಂಬುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಅದು ಅಷ್ಟು ಸರಿ ಕಾಣುವುದಿಲ್ಲ. ನಲವತ್ತು ಲೀಟರಿನ ಟ್ಯಾಂಕ್ ಅರ್ಧ ಖಾಲಿ ಇದೆ ಎಂದುಕೊಳ್ಳಿ. ಹಗಲು ರಾತ್ರಿಯ ನಡುವೆ 10 ಡಿಗ್ರಿ ವ್ಯತ್ಯಾಸವಾದರೆ ಒಳಗಿನ 20 ಲೀಟರ್ ಗಾಳಿಯ ಮೂವತ್ತನೇ ಒಂದು ಪಾಲು, ಅಂದರೆ ಲೀಟರಿನ ಮೂರನೇ ಎರಡು ಭಾಗ ಒಳಗೂ ಹೊರಗೂ ಓಡಾಡುತ್ತದೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ಹಿಡಿದ ಸಾವಿರ ಲೀಟರ್ ಗಾಳಿಯಲ್ಲಿರುವ ನೀರು 23 ಗ್ರಾಂ. ಈ ಲೆಕ್ಕದಲ್ಲಿ ದಿನಕ್ಕೆ ಟ್ಯಾಂಕಿಗೆ ಸೇರುವುದು ಗ್ರಾಮಿನ ನೂರರಲ್ಲಿ ಒಂದೂವರೆ ಪಾಲು. ವರ್ಷವಿಡೀ ಮಳೆಗಾಲವೇ ಇದ್ದರೂ ಆರು ಗ್ರಾಂ ಮುಟ್ಟುವುದಿಲ್ಲ. 20 ಲೀಟರ್ ಇ10 ಪದರವಾಗಿ ಒಡೆಯಲು ಬೇಕಾದದ್ದು ನೂರು ಗ್ರಾಂ. ಆದ್ದರಿಂದ ಅನುಮಾನಿಸಬೇಕಾದದ್ದು ಗಾಳಿಗಿಂತ ಹೆಚ್ಚಾಗಿ ಮುಚ್ಚಳದ ವಾಷರನ್ನು, ಸೋರುವ ಹೆಂಚನ್ನು, ತೊಳೆದು ಒಣಗಿಸದೆ ತಂದ ಕ್ಯಾನನ್ನು.

ಹತ್ತು ಹದಿನೈದು ಮಳೆಗಾಲ ನಿಂತ ಕಾರಿನ ಟ್ಯಾಂಕಿನಲ್ಲಿ ಹೀಗೆ ಕಾಲು ಲೀಟರ್ ನೀರು ಸೇರಿದೆ ಎಂದುಕೊಳ್ಳಿ. ಹಳೆಯ ಪೆಟ್ರೋಲ್ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಗೋಡೆಗೆ ಹತ್ತಿದೆ. ಅದರ ಮೇಲೆ ಐದು ಲೀಟರ್ ಇ20 ಬಿದ್ದರೆ ಅದರೊಳಗಿನ ಒಂದು ಲೀಟರ್ ಎಥನಾಲಿನ ಬಹುಪಾಲು ಆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ಇರುವುದೂ ಆ ತಳದಲ್ಲೇ. ಹೀಗೆ ಕಾರ್ಬುರೇಟರಿಗೆ ಮೊದಲು ಬರುವುದು ಪೆಟ್ರೋಲೇ ಅಲ್ಲ. ಟ್ಯಾಂಕಿನ ಒಳಮೈಗೆ ತುಕ್ಕು ಹಿಡಿಯದಂತೆ ಹಳೆಯ ಕಾಲದಲ್ಲಿ ಸೀಸ-ತವರದ ಲೇಪ ಕೊಡುತ್ತಿದ್ದರು; ಆಲ್ಕೋಹಾಲ್ ಅದನ್ನು ತಿನ್ನುತ್ತದೆ. ನೀರು ಬೆರೆತ ಎಥನಾಲಿನಲ್ಲಿ ವಿದ್ಯುತ್ ಹರಿಯುವುದು ಸುಲಭವಾದ್ದರಿಂದ, ಸತುವಿನ ಮಿಶ್ರಲೋಹದ ಕಾರ್ಬುರೇಟರ್ ಬಟ್ಟಲಲ್ಲಿ ಹಿತ್ತಾಳೆಯ ಜೆಟ್ಟು ಕೂತ ಜಾಗದ ಸುತ್ತ ಸತು ಸವೆದು ಬಿಳಿ ಪುಡಿ ಕಟ್ಟುತ್ತದೆ. ಎಥನಾಲ್ ಒಳ್ಳೆಯ ಕರಗಿಸುವ ದ್ರವವೂ ಹೌದು: ಹಳೆಯ ಅಂಟನ್ನೂ ಅದರಡಿ ಕಚ್ಚಿಕೊಂಡಿದ್ದ ತುಕ್ಕನ್ನೂ ಸಡಿಲಿಸಿ ಮುಂದಕ್ಕೆ ಕಳಿಸುತ್ತದೆ. ಎರಡನೆಯ ದಿನ ಕಾರು ದಾರಿಯಲ್ಲಿ ನಿಂತರೆ ಫಿಲ್ಟರ್ ಬಿಚ್ಚಿ ನೋಡಿ, ಕಂದು ಕೆಸರು ಸಿಗುತ್ತದೆ.

ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಹತ್ತಿರತ್ತಿರ ತಿಳಿಯಲು ಒಂದು ಅಳತೆಯ ಗಾಜಿನ ಕೊಳವೆ ಸಾಕು. ಬೆಂಕಿಯಿಂದ ದೂರ, ಬಯಲಿನಲ್ಲಿ, ಅದಕ್ಕೆ 10 ಮಿಲಿಲೀಟರ್ ನೀರು, ಮೇಲೆ 90 ಮಿಲಿಲೀಟರ್ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಮೆಲ್ಲಗೆ ಅಲುಗಿಸಿ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 25ರ ಆಚೀಚೆ ಏರಿದರೆ ಅದು ಇ20.

ಮೂರನೆಯದು ಉರಿಯುವ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು; ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದರ ತೂಕದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಆಮ್ಲಜನಕವೇ. ಇ20ಗೆ ಸರಿಹೊಂದುವುದು 13.5ರ ಸುಮಾರು. ಹೊಸ ಕಾರಿನ ಕಂಪ್ಯೂಟರ್ ಹೊಗೆಯನ್ನು ಅಳೆದು ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಹಳೆಯ ಕಾರಿನ ಸೋಲೆಕ್ಸ್ ಕಾರ್ಬುರೇಟರಿನ ಜೆಟ್ಟು ಒಂದು ತೂತು ಅಷ್ಟೆ, ಹಿಂದೆ ಬಿಟ್ಟಷ್ಟೇ ಈಗಲೂ ಬಿಡುತ್ತದೆ. ಮಿಶ್ರಣ ಶೇ 7ರಷ್ಟು ತೆಳುವಾಗಿ, ಏರಿನಲ್ಲಿ ಎಂಜಿನ್ ತಡವರಿಸುತ್ತದೆ, ಬಿಸಿಯಾಗುತ್ತದೆ. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೂ ಹಿಂದಿನ ಎಂಜಿನ್‌ಗಳ ವಾಲ್ವ್ ಕೂರುವ ಜಾಗವನ್ನು ಸೀಸದ ತೆಳುಪದರವೇ ಸವೆಯದಂತೆ ಕಾಯುತ್ತಿತ್ತು. ಆ ರಕ್ಷಣೆ ಹೋದ ಜಾಗಕ್ಕೆ ಈಗ ಹೆಚ್ಚಿನ ಶಾಖವೂ ಸೇರುತ್ತದೆ. ಹೊಗೆ ತಪಾಸಣೆಯಲ್ಲಿ ಇದು ಗೊತ್ತಾಗಬೇಡವೇ ಎಂದು ಕೇಳಬಹುದು. ಅಲ್ಲಿ ಅಳೆಯುವ ಮುಖ್ಯ ಅನಿಲ ಕಾರ್ಬನ್ ಮೊನಾಕ್ಸೈಡ್. ಮಿಶ್ರಣ ತೆಳುವಾದಷ್ಟೂ ಅದು ಕಡಿಮೆಯಾಗುತ್ತದೆ. ಸೀಳುತ್ತಿರುವ ಹೋಸ್ ಇಟ್ಟುಕೊಂಡ ಕಾರಿಗೆ ಮೊದಲಿಗಿಂತ ಒಳ್ಳೆಯ ಸರ್ಟಿಫಿಕೇಟ್ ಸಿಗಬಲ್ಲದು.

ಈ ಮೂರನ್ನೂ ಒಂದು ಬಾನೆಟ್ಟಿನ ಕೆಳಗೆ ತನ್ನಿ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬುರೇಟರ್ ಮೇಲೆ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗೆ. ಸೀಳಿದ ಹೋಸಿನಿಂದ ತೊಟ್ಟಿಕ್ಕಿದ ಪೆಟ್ರೋಲ್ ಬೀಳಬಹುದಾದ ಜಾಗ ಅದೇ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಗ್ಯಾರೇಜಿನ ಗುಂಡಿಯಲ್ಲೋ ಶೆಡ್ಡಿನ ನೆಲದಲ್ಲೋ ಅದು ಹರಡಿಕೊಂಡು ನಿಲ್ಲುತ್ತದೆ. ಗಾಳಿಯಲ್ಲಿ ಶೇ 1.4ರಷ್ಟಿದ್ದರೆ ಒಂದು ಕಿಡಿ ಸಾಕು.

2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬೇಗ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ ಎಂದು ಹೇಳಿತು. ದುಬಾರಿಯಲ್ಲ ಎಂಬುದು ನಿಜ. ಆದರೆ ಬದಲಿಸಬೇಕೆಂಬುದು ಗೊತ್ತಿದ್ದವರಿಗೆ ಮಾತ್ರ ಅದು ಅಗ್ಗ. ನೀತಿ ಆಯೋಗದ 2021ರ ಮಾರ್ಗಸೂಚಿ ಹಳೆಯ ವಾಹನಗಳಿಗಾಗಿ ಇ10 ಅನ್ನು ರಕ್ಷಣಾ ಇಂಧನವಾಗಿ ಉಳಿಸಿಕೊಳ್ಳಬೇಕೆಂದಿತ್ತು. ಬ್ರಿಟನ್ 2021ರಲ್ಲಿ ಇ10ಕ್ಕೆ ಹೋದಾಗ ಹಳೆಯ ಕಾರುಗಳಿಗೆಂದು ಇ5 ಅನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡಿತು. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಜಿಲ್ಲೆಗೊಂದೆರಡು ಬಂಕಿನಲ್ಲಾದರೂ ರಕ್ಷಣಾ ದರ್ಜೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. 50 ವರ್ಷ ದಾಟಿದ ಕಾರುಗಳಿಗೆ ಸರ್ಕಾರವೇ 2021ರಿಂದ 'ವಿಎ' ಸಾಲಿನ ನಂಬರ್ ಕೊಟ್ಟು ಪರಂಪರೆಯ ವಸ್ತುವೆಂದು ಒಪ್ಪಿಕೊಂಡಿರುವಾಗ, ಅವು ಕುಡಿಯುವ ಇಂಧನದ ಬಗ್ಗೆಯೂ ಯೋಚಿಸುವುದು ನ್ಯಾಯ.

ಅಲ್ಲಿಯವರೆಗೆ ಬದಲಾವಣೆ ಕಾರಿನಲ್ಲೇ ಆಗಬೇಕು, ಅದೂ ಮೊದಲ ಸೆಲ್ಫ್ ಹೊಡೆಯುವ ಮುಂಚೆ. ಟ್ಯಾಂಕ್ ಇಳಿಸಿ, ಹಳೆಯದನ್ನು ಪೂರ್ತಿ ತೆಗೆದು, ತೊಳೆದು, ಒಣಗಿಸಿ. ಇಳಿಸಿದ ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅದರೊಳಗೆ ಉಳಿದ ಆವಿ ಅಪಾಯಕಾರಿ. ಇಂಧನದ ದಾರಿಯ ಎಲ್ಲ ಹೋಸ್‌ಗಳನ್ನೂ ಎಥನಾಲ್ ತಡೆಯುವ ಫ್ಲೋರೋರಬ್ಬರಿನ ಒಳಪದರವಿರುವವಕ್ಕೆ ಬದಲಿಸಿ, ಕೊಂಡ ಹೋಸಿನ ಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುರುತಿದೆಯೇ ನೋಡಿ. ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಗ್ಯಾಸ್ಕೆಟ್ ಹೊಸದಾಗಲಿ, ಜೆಟ್ಟಿನ ಅಳತೆ ಒಂದು ಹಂತ ದೊಡ್ಡದಾಗಲಿ. ಬ್ರೇಕ್ ಆಯಿಲನ್ನೂ ಮರೆಯಬೇಡಿ: ಹೊಸ ಡಾಟ್ 3 ಆಯಿಲ್ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ಶೇ 3.7 ನೀರು ಹೀರಿಕೊಂಡದ್ದಕ್ಕೆ 140 ಡಿಗ್ರಿ ಸಾಕು. ಶಿರಾಡಿ ಘಾಟಿ ಇಳಿಯುವಾಗ ಪೆಡಲ್ ನೆಲ ಮುಟ್ಟುವುದಕ್ಕೆ ಅಷ್ಟು ವ್ಯತ್ಯಾಸ ಸಾಲದೇ?

ಮೊದಲ ಕೆಲವು ವಾರ ಕಾರನ್ನು ಮತ್ತೆ ಕೊಬ್ಬರಿ ಅಟ್ಟದ ಕೆಳಗೆ, ಹುಲ್ಲಿನ ಪಕ್ಕ ನಿಲ್ಲಿಸಬೇಡಿ. ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ನಿನ ಕೆಳಗೊಂದು ರಟ್ಟು ಹಾಸಿ, ಬ್ಯಾಟರಿಯ ಒಂದು ತಂತಿ ಕಳಚಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದೆಯೇ, ಬಾನೆಟ್ ಎತ್ತಿದಾಗ ವಾಸನೆ ಇದೆಯೇ ನೋಡಿ, ಆಮೇಲೆ ಬೀಗದ ಕೈ ತಿರುಗಿಸಿ.