ದಿನದ ಲೆಕ್ಕ ದಿನಕ್ಕೆ ಮುಗಿಯಲಿ

ದೀಪ ಹಚ್ಚುವ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಣವನ್ನೆಣಿಸಿ, ಕೀರ್ದಿಯಲ್ಲಿ ಜಮಾ-ಖರ್ಚು ಬರೆದು, ಶಿಲ್ಕು ತಾಳೆಯಾದ ಮೇಲೆಯೇ ಅಂಗಡಿಯ ಬಾಗಿಲು ಹಾಕುವುದು ನಮ್ಮ ಗಡಿನಾಡಿನ ವರ್ತಕರ ಹಳೆಯ ಪದ್ಧತಿ. ಕ್ರೆಡಿಟ್ ಕಾರ್ಡಿನಿಂದ ಬರುವ ಹಣವಾದರೋ ಕಣ್ಣಿಗೆ ಕಾಣುವುದಿಲ್ಲ. ಕಾಣದ ಹಣಕ್ಕೆ ನಿತ್ಯದ ಲೆಕ್ಕವೇಕೆಂಬ ಉದಾಸೀನವು ಎಂತಹ ಅನರ್ಥಕ್ಕೆ ಎಡೆಗೊಡುತ್ತದೆಂಬುದನ್ನು ನಾವು ಈಚೆಗೆ ಕಣ್ಣಾರೆ ಕಂಡೆವು.

ಅಕ್ಕಲಕೋಟೆಯ ಪೇಟೆಯಲ್ಲಿ ನಮ್ಮ ಪರಿಚಿತರೊಬ್ಬರದು ಸೊಲ್ಲಾಪುರದ ಚಾದರುಗಳ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಹುಡುಗ ನಮ್ಮ ಶಾಲೆಯಲ್ಲಿ ಕಲಿತವನು. ಒಮ್ಮೆ ಮೂರು ದಿನಗಳ ಕಾರ್ಡಿನ ವ್ಯಾಪಾರದ ಹಣ ಬ್ಯಾಂಕಿನಲ್ಲಿ ಜಮೆಯಾಗಲಿಲ್ಲ. ಯಂತ್ರವನ್ನು ಮುಟ್ಟುತ್ತಿದ್ದವನು ಆ ಹುಡುಗನಾದುದರಿಂದ ಸಂಶಯ ಅವನ ಮೇಲೆಯೇ ಬಿತ್ತು. ಕೆಲಸ ಬಿಡುವಂತೆಯೂ ಆಯಿತು. ಅವನ ತಾಯಿ ಕಣ್ಣೀರಿಡುತ್ತ ನಮ್ಮಲ್ಲಿಗೆ ಬಂದಳು. ನಾವು ಅಂಗಡಿಗೆ ಹೋಗಿ ಚೀಟಿಗಳನ್ನೆಲ್ಲ ಹರಡಿಕೊಂಡು ಕುಳಿತೆವು.

ಕಾರ್ಡನ್ನು ಯಂತ್ರಕ್ಕೆ ಕೊಟ್ಟೊಡನೆ ವಿಚಾರಣೆಯು ವರ್ತಕನ ಬ್ಯಾಂಕಿನಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ 2012ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ರುಪೇ ಜಾಲದ ಮೂಲಕ ಗ್ರಾಹಕನಿಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ತಲಪುತ್ತದೆ. ಕೆಲವೇ ಕ್ಷಣಗಳಲ್ಲಿ ಒಪ್ಪಿಗೆ ಬರುತ್ತದೆ. ಈ ಒಪ್ಪಿಗೆಯು ಹಣವಲ್ಲ, ಹಣದ ವಾಗ್ದಾನ ಮಾತ್ರ. ದಿನದ ಒಪ್ಪಿಗೆಗಳೆಲ್ಲ ಒಂದು ಕಟ್ಟಾಗಿ ಯಂತ್ರದಲ್ಲಿ ಕೂಡಿರುತ್ತವೆ. ರಾತ್ರಿ 'ಸೆಟ್ಲ್‌ಮೆಂಟ್' ಎಂಬ ಆಜ್ಞೆ ಕೊಟ್ಟಾಗ ಆ ಕಟ್ಟು ಬ್ಯಾಂಕಿಗೆ ಹೋಗುತ್ತದೆ. ವ್ಯವಹಾರಗಳ ಸಂಖ್ಯೆಯೂ ಒಟ್ಟು ಮೊತ್ತವೂ ಅಚ್ಚಾಗಿ ಬರುತ್ತವೆ. ಬಳಿಕ ಬ್ಯಾಂಕುಗಳು ಪರಸ್ಪರ ಲೆಕ್ಕ ತೀರಿಸಿಕೊಂಡು, ಸಾಮಾನ್ಯವಾಗಿ ಮರುದಿನ ವರ್ತಕನ ಖಾತೆಗೆ ಹಣ ಸೇರುತ್ತದೆ. ಕೆಲವು ಯಂತ್ರಗಳು ಗೊತ್ತಾದ ವೇಳೆಗೆ ತಾವಾಗಿಯೇ ಕಟ್ಟು ಮುಗಿಸುತ್ತವೆ; ಉಳಿದವುಗಳಲ್ಲಿ ಮನುಷ್ಯನೇ ಮುಗಿಸಬೇಕು.

1958ರಲ್ಲಿ ಅಮೆರಿಕದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕ ತನ್ನ ಕಾರ್ಡನ್ನು ಬಳಕೆಗೆ ತಂದಾಗ ವರ್ತಕರು ಕಾಗದದ ಚೀಟಿಗಳನ್ನು ಕೂಡಿಸಿ ಬ್ಯಾಂಕಿಗೆ ಮುಟ್ಟಿಸಬೇಕಾಗಿತ್ತು. ಇಂದಿನ ಈ ಆಜ್ಞೆಯು ಅಂದಿನ ಆ ನಡಿಗೆಯ ಬದಲಾಗಿ ಬಂದುದು. ನಡೆಯದೆ ಹೋದರೆ ಚೀಟಿ ಮುಟ್ಟೀತೆಂತು?

ಚಾದರಿನ ಅಂಗಡಿಯಲ್ಲಿ ಆದದ್ದೂ ಇಷ್ಟೇ. ಪ್ರತಿ ರಾತ್ರಿ ಕಟ್ಟು ಮುಗಿಸುತ್ತಿದ್ದ ಮಾಲೀಕರ ಮಗ ಓದಿಗಾಗಿ ಪುಣೆಗೆ ಹೋಗಿದ್ದನು. ಆ ಕೆಲಸವನ್ನು ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ದಿನಗಳ ವ್ಯಾಪಾರ ಯಂತ್ರದಲ್ಲಿಯೇ ಕುಳಿತಿತ್ತು! ಅಂದು ರಾತ್ರಿ ಕಟ್ಟು ಮುಗಿಸಿದೆವು; ಮರುದಿನ ಹಣ ಬಂದಿತು.

ಆದರೂ 10,000 ರೂಪಾಯಿಯ ಒಂದು ಮಾರಾಟಕ್ಕೆ ಬಂದುದು 9,764 ಮಾತ್ರ. ಮಾಲೀಕರ ಹುಬ್ಬು ಮತ್ತೆ ಗಂಟಿಕ್ಕಿತು. ಬ್ಯಾಂಕಿನ ಕರಾರುಪತ್ರವನ್ನು ತೆರೆದು ತೋರಿಸಿದೆವು: ನೂರಕ್ಕೆ 2ರಂತೆ ಶುಲ್ಕ 200 ರೂಪಾಯಿ, ಆ ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 36 ರೂಪಾಯಿ. ಕಳೆದರೆ ಉಳಿಯುವುದು ಸರಿಯಾಗಿ 9,764. ಐದನೆಯ ತರಗತಿಯ ಗಣಿತವೇ ಆ ಹುಡುಗನ ಮಾನ ಕಾಯಿತೆನ್ನಬೇಕು. ಮಾಲೀಕರು ತಾವೇ ಅವನ ಮನೆಗೆ ಹೋಗಿ ಕರೆತಂದರು.

ಕಾರ್ಡಿನ ವ್ಯವಹಾರವುಳ್ಳ ಓದುಗರು ಈ ನಿತ್ಯಕ್ರಮವನ್ನು ರೂಢಿಸಿಕೊಳ್ಳುವುದು ಲೇಸು. ಬಾಗಿಲು ಹಾಕುವ ಮುನ್ನ ಅಂಗಡಿಯ ಬಿಲ್ಲುಗಳನ್ನೂ ಯಂತ್ರದ ಮೊತ್ತವನ್ನೂ ಹೋಲಿಸಿರಿ. ತಪ್ಪಾಗಿ ನಮೂದಾದ ಮಾರಾಟವಿದ್ದರೆ ಕಟ್ಟು ಮುಗಿಯುವ ಮೊದಲೇ ರದ್ದುಪಡಿಸಿರಿ; ಬಳಿಕವಾದರೆ ಹಣ ಮರಳಿಸುವ ಬೇರೆ ವಿಧಿಯೇ ಬೇಕು, ಗ್ರಾಹಕನು ಹಲವು ದಿನ ಕಾಯಬೇಕಾಗುತ್ತದೆ. ಕಟ್ಟು ಮುಗಿಸಿ, ಮೊತ್ತವನ್ನು ಮಸಿಯಿಂದ ಕೀರ್ದಿಯಲ್ಲಿ ಬರೆಯಿರಿ. ಯಂತ್ರದ ಚೀಟಿಯ ಅಕ್ಷರ ಕಾಲಕ್ರಮದಲ್ಲಿ ಮಾಸಿಹೋಗುತ್ತದೆ. ಹಣ ಬಂದ ದಿನ ಶುಲ್ಕವನ್ನು ಲೆಕ್ಕ ಹಾಕಿ ಬ್ಯಾಂಕಿನ ಜಮೆಯೊಡನೆ ತಾಳೆ ನೋಡಿರಿ. ಗ್ರಾಹಕನು ಮುಂದೆ ತಕರಾರು ತೆಗೆದರೆ ಚೀಟಿಯೂ ಬಿಲ್ಲುಗಳೂ ನಿಮಗೆ ಸಾಕ್ಷಿ, ಜೋಪಾನವಾಗಿಡಿರಿ.

ಇದಕ್ಕೆ ಬೇಕಾದುದು ದಿನಕ್ಕೆ ಕಾಲು ಗಂಟೆ. ಬರೆಯದ ಲೆಕ್ಕದ ಹೊರೆ ಮನೆಯ ಕಿರಿಯನ ಮೇಲೋ ಅಂಗಡಿಯ ಆಳಿನ ಮೇಲೋ ಬೀಳುತ್ತದೆ. ಹಣದ ಕೊರತೆಯನ್ನು ಮರುದಿನದ ವ್ಯಾಪಾರ ತುಂಬೀತು. ಅಂದ ಮಾತನ್ನು ಹಿಂದಕ್ಕೆ ಪಡೆಯುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ.