ಉಗ್ರವಾದದ ಪ್ರೇರಣೆಗಳು: ಘಟಪ್ರಭಾ ಪರಿಸರದ ಪಠ್ಯಗಳ ಹಿನ್ನೆಲೆಯಲ್ಲಿ

ಜನರು ಉಗ್ರವಾದಿ ಗುಂಪುಗಳನ್ನು ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ಬಡತನ, ಅನಕ್ಷರತೆ, ಮತಾಂಧತೆ ಎಂಬ ಸಿದ್ಧ ಉತ್ತರಗಳಿವೆ. ಇವು ಸುಳ್ಳಲ್ಲ, ಆದರೆ ಸಾಲವು. ಬಡವರಲ್ಲಿ ಬಹುಪಾಲು ಜನ ಬಂದೂಕು ಹಿಡಿಯುವುದಿಲ್ಲ. ಹಿಡಿದವರಲ್ಲಿ ಓದಿದವರೂ ಇದ್ದಾರೆ. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಕ್ಸಲೀಯ ನಾಯಕ ಸಾಕೇತ್ ರಾಜನ್ ಪತ್ರಿಕೋದ್ಯಮ ಕಲಿತವರು. ಕರ್ನಾಟಕದ ಚರಿತ್ರೆಯನ್ನು ಬರೆದವರು. ಆದ್ದರಿಂದ ಕೊರತೆಗಿಂತ ಅವಮಾನದ ಅನುಭವ ಹಿಂಸೆಯಾಗಿ ಮಾರ್ಪಡುವ ಬಗೆಯನ್ನು ಪರಿಶೀಲಿಸುವುದು ಅಗತ್ಯ. ಇದಕ್ಕೆ ಹುಕ್ಕೇರಿ, ಗೋಕಾಕ, ಮೂಡಲಗಿಗಳನ್ನು ಹಾದು ಮುಧೋಳದತ್ತ ಹರಿಯುವ ಘಟಪ್ರಭೆಯ ಪರಿಸರದಲ್ಲಿ ಮಹತ್ವದ ಆಕರಗಳಿವೆ.

ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ನಡೆದ ಬೇಡರ ಬಂಡಾಯ ಇವುಗಳಲ್ಲಿ ಮೊದಲನೆಯದು. ಅನುಮತಿಯಿಲ್ಲದೆ ಯಾರೂ ಆಯುಧ ಹೊಂದಬಾರದೆಂಬ ಬ್ರಿಟಿಷರ ಆಜ್ಞೆ ಬಂಡಾಯದ ತಕ್ಷಣದ ಕಾರಣ. ಬೇಡರಿಗೆ ಆಯುಧವೆಂದರೆ ಬದುಕೂ ಹೌದು, ಮಾನವೂ ಹೌದು. ಊರು ಸುಟ್ಟ ಮೇಲೆ ದಂಡು ದೋಚಿದ್ದೇನೆಂಬುದನ್ನು ಲಾವಣಿಕಾರ ಪಟ್ಟಿ ಮಾಡುತ್ತಾನೆ. ಅದರಲ್ಲಿ ಬೆಣ್ಣೆ, ಉಪ್ಪು, ಮಂಗಳಸೂತ್ರ, ಬೀಸುವ ಕಲ್ಲುಗಳಿವೆ. ಇಲ್ಲಿನ ಅವಮಾನಕ್ಕೆ ಊರಿದೆ, ಮನೆಯಿದೆ, ಎಣಿಸಬಹುದಾದ ನಷ್ಟವಿದೆ. ಎದುರಾಳಿಯೂ ಕಣ್ಣೆದುರಿಗೆ ಬಂದ ಸಶಸ್ತ್ರ ದಂಡೇ ಆಗಿದೆ. ಈ ಬೇಡರನ್ನು ಭಯೋತ್ಪಾದಕರೆನ್ನುವುದು ವಸಾಹತುಶಾಹಿಯ ಭಾಷೆಗೆ ಮರಳಿದಂತೆ.

ಎರಡನೆಯದು 1942ರ ಚಳವಳಿ. ಅವಿಭಜಿತ ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿದ ಬಸವರಾಜ ಕಟ್ಟೀಮನಿಯವರು ಆ ಚಳವಳಿಯಲ್ಲಿ ಸೆರೆಮನೆ ಕಂಡವರು. ಅದನ್ನೇ ವಸ್ತುವಾಗಿಸಿ ‘ಮಾಡಿ ಮಡಿದವರು’ ಕಾದಂಬರಿ ಬರೆದವರು. ಬೆಳಗಾವಿ ಜಿಲ್ಲೆಯ ಭೂಗತ ಕಾರ್ಯಕರ್ತರು ತಂತಿ, ರೈಲು, ಚಾವಡಿಯ ದಫ್ತರಗಳನ್ನು ಗುರಿಯಾಗಿಸಿದರು. ಹಲಗಲಿಯ ನಷ್ಟ ಒಂದು ಊರಿನದಾದರೆ, ಇಲ್ಲಿ ಅವಮಾನ ದೇಶವೆಂಬ ಕಲ್ಪನೆಯಷ್ಟು ವಿಸ್ತಾರಗೊಂಡಿತ್ತು. ಆದರೂ ಪ್ರಹಾರ ಮುಖ್ಯವಾಗಿ ಪ್ರಭುತ್ವದ ಸಾಧನಗಳ ಮೇಲಿತ್ತು.

ಈ ವಿಸ್ತರಣೆಯನ್ನು ಸಮಾಜವಿಜ್ಞಾನವೂ ಗುರುತಿಸಿದೆ. ನಿರೀಕ್ಷೆಗೂ ಪ್ರಾಪ್ತಿಗೂ ನಡುವಿನ ಅಂತರವೇ ದಂಗೆಯ ಬೀಜವೆಂದು ಟೆಡ್ ಗರ್ 1970ರಲ್ಲಿ ವಾದಿಸಿದರು. 172 ಮಂದಿ ಜಿಹಾದಿಗಳ ಜೀವನವಿವರಗಳನ್ನು ಪರಿಶೀಲಿಸಿದ ಮಾರ್ಕ್ ಸೇಜ್‌ಮನ್ 2004ರಲ್ಲಿ, ಸ್ನೇಹ ಮತ್ತು ಬಂಧುತ್ವದ ನಂಟುಗಳು ಅನೇಕರಲ್ಲಿ ಸಿದ್ಧಾಂತಕ್ಕಿಂತ ಮೊದಲೇ ಕೆಲಸ ಮಾಡುತ್ತವೆಂದು ತೋರಿಸಿದರು. ಇಂಡಿಯನ್ ಮುಜಾಹಿದೀನ್‌ನ ಸ್ಥಾಪಕರೆಂದು ತನಿಖಾ ಸಂಸ್ಥೆಗಳು ಹೆಸರಿಸಿದವರಲ್ಲಿ ಭಟ್ಕಳದ ಇಬ್ಬರು ಸಹೋದರರಿರುವುದನ್ನು ಇಲ್ಲಿ ಗಮನಿಸಬಹುದು. ಅಂದರೆ ಮೊದಲು ಬಳಗ, ಬಳಿಕ ಬಳಗ ಹೇಳುವ ಕಥೆ, ಕೊನೆಗೆ ಆ ಕಥೆಯಲ್ಲೊಂದು ವೀರನ ಪಾತ್ರ. ತಾನು ಅನುಭವಿಸದ ಅವಮಾನವನ್ನು ವ್ಯಕ್ತಿ ತನ್ನದೆಂದು ಸ್ವೀಕರಿಸುವುದು ಈ ಹಂತದಲ್ಲಿ. ಇದನ್ನು ‘ಎರವಲು ಅವಮಾನ’ ಎಂದು ಕರೆಯಬಹುದು.

ಇದರ ಪರಿಣಾಮವನ್ನು ಕನ್ನಡ ಸಂಶೋಧನಾ ಲೋಕ ತನ್ನ ಅಂಗಳದಲ್ಲೇ ಕಂಡಿದೆ. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. 2019ರಲ್ಲಿ ವಿಶೇಷ ತನಿಖಾ ದಳ ಸಲ್ಲಿಸಿದ ಆರೋಪಪಟ್ಟಿಯ ಪ್ರಕಾರ, 2014ರ ಜೂನ್‌ನಲ್ಲಿ ಮೂಢನಂಬಿಕೆಯನ್ನು ಕುರಿತು ಅವರು ಬೆಂಗಳೂರಿನಲ್ಲಿ ಮಾಡಿದ ಭಾಷಣವೇ ಹತ್ಯೆಗೆ ಕಾರಣ. 2017ರ ಗೌರಿ ಲಂಕೇಶ್ ಹತ್ಯೆಯ ತನಿಖೆಯಲ್ಲಿ, ಬಂದೂಕು ತರಬೇತಿ ನಡೆದ ಸ್ಥಳಗಳಲ್ಲೊಂದು ಬೆಳಗಾವಿ ಜಿಲ್ಲೆಯ ಖಾನಾಪುರ ಪರಿಸರವೆಂಬ ಆರೋಪ ಬಂದಿತು. ಆರೋಪಿಗಳ ತಪ್ಪೊಪ್ಪುಗಳನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಆರೋಪಪಟ್ಟಿ ಮುಂದಿಡುವ ಪ್ರೇರಣೆಯ ಸ್ವರೂಪ ಪರಿಶೀಲನಾರ್ಹ. ಇಲ್ಲಿ ಸುಟ್ಟ ಊರಿಲ್ಲ, ದೋಚಿದ ಬೀಸುವ ಕಲ್ಲಿಲ್ಲ. ಒಂದು ಮಾತಿದೆ, ಆ ಮಾತಿನಿಂದ ಧರ್ಮಕ್ಕೆ ಅಪಮಾನವಾಯಿತೆಂಬ ಕಥೆಯಿದೆ. ಎದುರಿಗಿದ್ದದ್ದು ದಂಡಲ್ಲ, ಎಪ್ಪತ್ತಾರು ವಯಸ್ಸಿನ ನಿರಾಯುಧ ವಿದ್ವಾಂಸ.

ಎರವಲು ಅವಮಾನಕ್ಕೆ ಪರಂಪರೆಯ ಬೆಂಬಲವೂ ಬೇಕಾಗುತ್ತದೆ. ಕಿತ್ತೂರು, ಹಲಗಲಿಗಳ ವೀರರನ್ನು ತಮ್ಮ ಪೂರ್ವಸೂರಿಗಳೆಂದು ಘೋಷಿಸಿಕೊಳ್ಳಲು ಎಡಬಲಗಳೆರಡರ ಉಗ್ರರಿಗೂ ಸಾಧ್ಯವಿದೆ. ಆದ್ದರಿಂದ ಹಲಗಲಿಯ ಲಾವಣಿಯನ್ನು ಬೋಧಿಸುವಾಗ ಶೌರ್ಯದ ವರ್ಣನೆಗಷ್ಟೇ ನಿಲ್ಲುವುದು ಅಪಾಯಕಾರಿ. ನಷ್ಟ ಯಾರದು, ಅದನ್ನು ಮಾಡಿದವರು ಯಾರು, ಏಟು ಬಿದ್ದದ್ದು ಯಾರ ಮೇಲೆ ಎಂಬ ಪ್ರಶ್ನೆಗಳನ್ನು ಪಠ್ಯದ ಮುಂದಿಡಬೇಕು. ಲಾವಣಿ ಈ ಮೂರಕ್ಕೂ ಉತ್ತರಿಸುತ್ತದೆ. ಅದರ ಪಟ್ಟಿಯೇ ಅದರ ಸಾಕ್ಷ್ಯ. ಧಾರವಾಡದ ಹತ್ಯೆಯ ಹಿಂದಿತ್ತೆನ್ನಲಾದ ಕಥೆ ಒಂದಕ್ಕೂ ಉತ್ತರಿಸಲಾರದು. ಈ ವ್ಯತ್ಯಾಸವನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ ಇನ್ನೊಬ್ಬರ ಅವಮಾನವನ್ನು ಎರವಲು ಕೊಡುವುದು ಸುಲಭವಲ್ಲ. ಕನ್ನಡ ತರಗತಿ ಮಾಡಬಹುದಾದ ಕೆಲಸ ಇದು.